ನಂತೂರಿಗೆ ಬಂದ ಸಮುದ್ರ

ಸಮುದ್ರ ನಮ್ಮ ಮನೆಗೆ ಬಂದದ್ದು ಜವಳಿ ಅಂಗಡಿಯ ಒಂದು ಪ್ಲಾಸ್ಟಿಕ್ ಚೀಲದಲ್ಲಿ. ತಂದುಕೊಟ್ಟವರು ನಾನು ಚಿಕ್ಕಂದಿನಲ್ಲಿ ಓದಿದ ಶಾಲೆಯ ಈಗಿನ ಟೀಚರು. ಶಾಲೆಯ ಹಳೆಯ ಕಪಾಟಿಗೆ ಗೆದ್ದಲು ಹಿಡಿದಿತ್ತಂತೆ, ಒಳಗಿದ್ದದ್ದನ್ನೆಲ್ಲ ಹೊರಗೆ ಹಾಕುವಾಗ ಈ ಬಟ್ಟೆ ಸಿಕ್ಕಿತಂತೆ, ಹಿಂಬದಿಯ ಮೂಲೆಯಲ್ಲಿ ನನ್ನ ತಾಯಿಯ ಹೆಸರನ್ನು ಸಣ್ಣಕ್ಕೆ ಹೊಲಿದಿದ್ದರಿಂದ ಬಿಸಾಡಲು ಮನಸ್ಸಾಗಲಿಲ್ಲವಂತೆ. ನಾನು ಚೀಲದೊಳಗೆ ಇಣುಕಿದೆ. ಒಂದು ಚೂರು ನೀಲಿ ರೇಷ್ಮೆ ಕಂಡದ್ದೇ ತಡ, ಟೀಚರಿಗೆ ಚಹಾ ಕೊಡುವುದನ್ನೂ ಮರೆತು ಅಡುಗೆಮನೆಗೆ ಓಡಿ ಅದನ್ನು ಅಕ್ಕಿ ಡಬ್ಬದ ಹಿಂದೆ ಅಡಗಿಸಿಟ್ಟೆ. ಅರವತ್ತು ದಾಟಿದ ಹೆಂಗಸು, ಮಸ್ಕತ್ತಿನ ಆಸ್ಪತ್ರೆಯಲ್ಲಿ ಇಪ್ಪತ್ತೇಳು ವರ್ಷ ನರ್ಸಾಗಿ ಏನೇನೋ ಕಂಡವಳು, ಒಂದು ಬಟ್ಟೆಗೆ ಹೆದರಿದಳೆಂದರೆ ನಿಮಗೆ ನಗು ಬರಬಹುದು. ನಗಿ, ಆದರೆ ಆ ಬಟ್ಟೆಯ ಕಥೆ ಕೇಳಿದ ಮೇಲೆ ನಗಿ.

ಅದೊಂದು ಬ್ಯಾನರು. ನಡುವೆ ಗುರಾಣಿಯ ಆಕಾರದಲ್ಲಿ ನಮ್ಮ ಊರಿನ ಲಾಂಛನ. ಕಚೇರಿಯ ಕಾಗದಗಳ ಮೇಲಿರುವ ಲಾಂಛನ ಬೇರೆಯೇ ಇರಬಹುದು, ಆ ತಕರಾರು ನನಗೆ ಬೇಡ. ನಾನು ಹೇಳುವುದು ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರು ಮಂಗಳೂರಿಗೆಂದೇ ಬರೆದುಕೊಟ್ಟ ಲಾಂಛನದ ಮಾತು. ಶಾಲೆಗೆ ಯಾರೋ ದೊಡ್ಡವರು ಬರುವವರಿದ್ದರು, ವೇದಿಕೆಯ ಹಿಂದೆ ಊರಿನ ಗುರುತು ತೂಗಬೇಕೆಂದು ಹೆಡ್‌ಮಿಸ್ಟ್ರೆಸ್ ಬಯಸಿದರು. ಮಾಸ್ತರು ದಿನಾ ಊರಿನ ತೆಂಕು ದಿಕ್ಕಿನ ಉಳ್ಳಾಲದಿಂದ ಬರುವವರು. ಒಂದು ಸೋಮವಾರ ಬಗಲಲ್ಲಿ ಚಿತ್ರ ಸುತ್ತಿಕೊಂಡೇ ಬಂದರು. ಎಡಗಡೆ ಸಮುದ್ರ, ಬಲಗಡೆ ಗುಡ್ಡ, ಗುಡ್ಡದಿಂದ ಸಮುದ್ರದ ಕಡೆಗೆ ಹಾರುತ್ತಿರುವ ಪರಶುರಾಮನ ಕೊಡಲಿ, ಎಲ್ಲದರ ಕೆಳಗೆ ಒಂದು ನಾಗರಹಾವು. ಇದನ್ನು ಕಸೂತಿಯಲ್ಲಿ ತೆಗೆಯುವ ಕೆಲಸ ನನ್ನ ತಾಯಿಗೆ ಬಂತು. ಅವಳ ಹೆಸರು ಸೆರಫಿನ್. ನಮ್ಮ ಬಿಜೈ ಕೇರಿಯಲ್ಲಿ ಎಲ್ಲರಿಗೂ ಸೆರಾಬಾಯಿ, ನನಗೆ ಮಮ್ಮಿ. ಇಗರ್ಜಿಯ ಆಲ್ತಾರಿಗೆ, ಎಂದರೆ ಪೂಜಾಪೀಠಕ್ಕೆ ಹಾಸುವ ಬಟ್ಟೆ, ಪಾದ್ರಿಗಳ ಪೂಜೆಯ ಉಡುಪು, ಎಲ್ಲ ಅವಳ ಕೈಯ ಹೊಲಿಗೆಯೇ.

ಮಮ್ಮಿಗೆ ಪರಶುರಾಮನ ಪರಿಚಯ ಇರಲಿಲ್ಲವೆಂದಲ್ಲ. ನಮ್ಮ ಹಿರಿಯರು ಗೋವೆ ಬಿಟ್ಟು ಬಂದವರು, ಬರುವಾಗ ಪಾತ್ರೆಪಗಡಗಳ ಜೊತೆ ಕಥೆಗಳನ್ನೂ ಹೊತ್ತು ತಂದಿದ್ದರು. ಅವಳ ಅಜ್ಜಿ ಹೇಳಿದ ಕಥೆಯಲ್ಲಿ ಪರಶುರಾಮ ಸಮುದ್ರಕ್ಕೆ ಬಾಣ ಬಿಟ್ಟು ನೆಲ ಪಡೆದಿದ್ದ. ಇಲ್ಲಿ ನೋಡಿದರೆ ಕೊಡಲಿ. ಮಮ್ಮಿ ಚಿತ್ರ ಹಿಡಿದುಕೊಂಡು ಕಂಪೌಂಡಿನ ಗೋಡೆಯ ಹತ್ತಿರ ಹೋದಳು. ಆಚೆ ಮನೆಯವರು ದೇವಸ್ಥಾನದ ಭಟ್ರು, ಅವರ ಹೆಂಡತಿ ಪದ್ದಕ್ಕ ಮಮ್ಮಿಯ ಜೀವದ ಗೆಳತಿ. ಇಬ್ಬರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ, ನಿಮಗೋಸ್ಕರ ಕನ್ನಡ ಮಾಡಿದ್ದೇನೆ. ಪದ್ದಕ್ಕ ಒಣಗಲು ಹಾಕಿದ ಹಪ್ಪಳದಿಂದ ತಲೆ ಎತ್ತದೆಯೇ ಸಮಸ್ಯೆ ಬಗೆಹರಿಸಿದರು. "ಬಾಣ ಎಲ್ಲ ಗೋವೆಯಲ್ಲೇ ಬಿಟ್ಟು ಮುಗಿದಿರ್ಬೇಕು ಸೆರಾಬಾಯಿ. ಇಲ್ಲಿಗೆ ಬರುವಾಗ ಕೈಯಲ್ಲಿ ಕೊಡಲಿ ಮಾತ್ರ ಉಂಟು."

ಕೊಡಲಿಗಿಂತ ಹಾವಿನದ್ದು ದೊಡ್ಡ ಕಥೆಯಾಯಿತು. ಇಗರ್ಜಿಯ ಕಸೂತಿಯಲ್ಲಿ ಹಾವು ಬರುವುದು ಯೇಸುವಿನ ತಾಯಿ ಮರಿಯಮ್ಮನ ಪಾದದ ಕೆಳಗೆ, ತಲೆ ಜಜ್ಜಿಸಿಕೊಂಡು. ಮಮ್ಮಿಯ ಕೈಗೆ ಅದೇ ಅಭ್ಯಾಸ. ಮಾಸ್ತರ ಚಿತ್ರದಲ್ಲಿ ಹೆಡೆ ಎತ್ತಿದ್ದರೂ ಅವಳ ಬಟ್ಟೆಯಲ್ಲಿ ಹಾವು ತಲೆ ತಗ್ಗಿಸಿ ಮಲಗಿಬಿಟ್ಟಿತು. ಕರಿಬೇವು ಕೊಡಲು ಬಂದ ಪದ್ದಕ್ಕ ನೋಡಿದರು. ನೋಡಿ ಕುರ್ಚಿ ಎಳೆದು ಕೂತರು. "ಇವನು ತಪ್ಪು ಮಾಡಿದವನಲ್ಲ ಮಾರಾಯ್ತಿ, ಉಪ್ಪು ಕುಡಿದವನು" ಎಂದರು. ಸಮುದ್ರ ಹಿಂದೆ ಸರಿದು ನೆಲವೇನೋ ಮೇಲೆ ಬಂತು, ಆದರೆ ಅದು ಬರೀ ಉಪ್ಪು, ಹುಲ್ಲುಕಡ್ಡಿಯೂ ಹುಟ್ಟುತ್ತಿರಲಿಲ್ಲ. ಆಗ ನಾಗ ಬಂದು ಆ ಉಪ್ಪನ್ನೆಲ್ಲ ಹೀರಿ ಮಣ್ಣನ್ನು ಸಿಹಿ ಮಾಡಿದ. ನಾವೆಲ್ಲ ಉಣ್ಣುವ ಅನ್ನ ಅವನದ್ದು, ಅವನ ತಲೆ ತಗ್ಗಿಸಬಾರದು. ಮಮ್ಮಿ ಎರಡು ದಿನದ ಹೊಲಿಗೆ ಬಿಚ್ಚಿ ಹೆಡೆ ಎತ್ತಿಸಿದಳು. ಆಮೇಲೆ ಮನಸ್ಸಿಗೆ ಏನೋ ಕಸಿವಿಸಿಯಾಗಿ ಶನಿವಾರ ಪಾಪನಿವೇದನೆಗೆ ಹೋದಾಗ ಅದನ್ನೂ ಹೇಳಿಕೊಂಡಳಂತೆ. ಪಾದ್ರಿಗಳು ಒಳಗಿನಿಂದ ಕೇಳಿದ್ದು ಒಂದೇ ಪ್ರಶ್ನೆ, ಆಲ್ತಾರಿನ ಹೊಸ ಬಟ್ಟೆ ಯಾವಾಗ ಕೊಡ್ತೀರಿ ಎಂದು.

ಇಷ್ಟೆಲ್ಲ ಎಚ್ಚರ ವಹಿಸಿದವಳು ಎಡವಿದ್ದು ಎಲ್ಲಿ ಎಂದರೆ, ದಿನನಿತ್ಯ ಮಾಡುವ ಕೆಲಸದಲ್ಲಿ. ಕಸೂತಿಯವರು ಚಿತ್ರವನ್ನು ಬಟ್ಟೆಗೆ ಇಳಿಸುವ ಒಂದು ಕ್ರಮ ಉಂಟು. ಚಿತ್ರವನ್ನು ತೆಳು ಕಾಗದದ ಮೇಲೆ ತೆಗೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ ತೂತು ಮಾಡಬೇಕು. ಕಾಗದವನ್ನು ಬಟ್ಟೆಯ ಮೇಲೆ ಹರಡಿ, ಸೀಮೆಎಣ್ಣೆಯಲ್ಲಿ ಬಿಳಿ ಬಟ್ಟೆಗೆ ಹಾಕುವ ನೀಲಿ ಕಲಸಿ, ಹತ್ತಿಯಲ್ಲಿ ಅದ್ದಿ ಉಜ್ಜಿದರೆ ತೂತಿನ ಮೂಲಕ ಚುಕ್ಕಿಚುಕ್ಕಿಯಾಗಿ ಚಿತ್ರ ಇಳಿಯುತ್ತದೆ. ತೂತಿನ ಆ ಕಾಗದದಲ್ಲಿ ಮೇಲಿನ ಮಗ್ಗುಲು ಯಾವುದು, ಕೆಳಗಿನದು ಯಾವುದು ಎಂದು ಗೊತ್ತಾಗುವುದಿಲ್ಲ. ಮಮ್ಮಿ ಅಲ್ಲಿಯವರೆಗೆ ಹೊಲಿದದ್ದು ಶಿಲುಬೆ, ಪಾನಪಾತ್ರೆ, ಎದುರುಬದುರು ಬಾಗಿದ ಗೋಧಿಯ ತೆನೆ. ಶಿಲುಬೆಯನ್ನು ಮಗುಚಿ ಹಾಕಿದರೂ ಶಿಲುಬೆಯೇ. ಎಡ ಬಲ ಬೇರೆಯಾಗಿರುವ ಚಿತ್ರ ಅವಳ ಕೈಗೆ ಬಂದದ್ದು ಅದೇ ಮೊದಲು. ಕಾಗದ ಮಗುಚಿ ಬಿದ್ದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟು ದಿನಾ ಕೂತು ಮೂರು ತಿಂಗಳು ಹೊಲಿದಳು.

ಸಮಾರಂಭದ ದಿನ ಪರದೆ ಸರಿಯಿತು. ಮಮ್ಮಿ ಮದುವೆಯ ಸೀರೆಯುಟ್ಟು ಎರಡನೇ ಸಾಲಿನಲ್ಲಿ ಕೂತಿದ್ದಳು. ನಾನು ಎರಡನೇ ಕ್ಲಾಸು, ಬದಿಯ ಚಾಪೆಯ ಮೇಲೆ. ಬ್ಯಾನರು ಚಂದವಾಗಿಯೇ ತೂಗುತ್ತಿತ್ತು. ಆದರೆ ಸಮುದ್ರ ಬಲಗಡೆ ಇತ್ತು, ಗುಡ್ಡ ಎಡಗಡೆ. ಹೊರಗಿನವರು ಇದನ್ನು ಗಮನಿಸುತ್ತಿರಲಿಲ್ಲವೋ ಏನೋ. ನಮ್ಮದು ದಿಕ್ಕಿನ ಊರು ನೋಡಿ. ಇಲ್ಲಿ ಬೆಂಚಿನಲ್ಲಿ ಜಾಗ ಕೇಳುವವರು ಕೂಡ ಒಂಚೂರು ಪಡ್ಡಾಯಿಗೆ ಸರಿಯಿರಿ ಎನ್ನುತ್ತಾರೆ. ಪಡ್ಡಾಯಿ ಎಂದರೆ ಸಮುದ್ರದ ದಿಕ್ಕು, ಮೂಡಾಯಿ ಎಂದರೆ ಗುಡ್ಡದ ದಿಕ್ಕು, ತೊಟ್ಟಿಲಲ್ಲಿರುವಾಗಲೇ ಅದು ಮೈಗೆ ಹತ್ತಿರುತ್ತದೆ. ಮಸ್ಕತ್ತಿನಲ್ಲಿ ಸಮುದ್ರ ಬಡಗು ದಿಕ್ಕಿನಲ್ಲಿದ್ದ ಒಂದೇ ಕಾರಣಕ್ಕೆ ನಾನು ಮೊದಲ ಆರು ತಿಂಗಳು ಬ್ರೆಡ್ಡಿನ ಅಂಗಡಿಗೆ ಹೊರಟವಳು ಪೊಲೀಸ್ ಠಾಣೆಯ ಎದುರು ಹೋಗಿ ನಿಲ್ಲುತ್ತಿದ್ದೆ. ಅಂಥ ಜನರ ಎದುರಿಗೆ ಸಮುದ್ರವನ್ನು ತಪ್ಪು ಕಡೆ ತೂಗುಹಾಕಿದರೆ ಸುಮ್ಮನಿರುತ್ತಾರೆಯೇ.

ನನ್ನ ಪಕ್ಕ ಕೂತಿದ್ದ ಐರಿನ್ ಎಂಬ ಹುಡುಗಿ ಮೊದಲು ಹೇಳಿದಳು, ಸಮುದ್ರ ನಂತೂರಿಗೆ ಬಂತು ಎಂದು. ಈಗ ಲಾರಿ ಬಸ್ಸುಗಳು ಸಿಕ್ಕಿಹಾಕಿಕೊಂಡು ಒದ್ದಾಡುವ ನಂತೂರು ಆಗ ಊರಿನ ಮೂಡು ತುದಿಯ ಗುಡ್ಡ. ಅಲ್ಲಿಗೆ ತೆರೆ ಬಡಿಯುವುದನ್ನು ನೆನೆಸಿ ಚಾಪೆಯಿಂದ ಚಾಪೆಗೆ ನಗು ಹರಡಿತು. ಕುರ್ಚಿಯವರೂ ಸೆರಗು, ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ಈಗ ಹೇಳಿಬಿಡುತ್ತೇನೆ, ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ನನ್ನ ತಾಯಿ ಮೂರು ತಿಂಗಳು ಕೂತು ಹೊಲಿದದ್ದೆಂದು ಗೊತ್ತಿದ್ದೂ ನಕ್ಕೆ. ಎಲ್ಲರೂ ನಗುವಾಗ ಒಬ್ಬಳೇ ನಗದಿರುವುದು ಏಳು ವರ್ಷಕ್ಕೆ ಆಗದ ಕೆಲಸ. ಆಗ ಮಮ್ಮಿ ತಿರುಗಿ ನೋಡಿದಳು. ಆ ಮುಖ ನನಗೆ ಇವತ್ತಿಗೂ ಚೆನ್ನಾಗಿ ನೆನಪುಂಟು.

ಬ್ಯಾನರು ಮಡಚಿಕೊಂಡು ಕಪಾಟು ಸೇರಿತು. ಮಮ್ಮಿ ಬೈಯಲಿಲ್ಲ, ಅಳಲಿಲ್ಲ, ಆದರೆ ಅಲ್ಲಿಂದ ಮೇಲೆ ಎಡ ಬಲ ಬೇರೆಯಿರುವ ಯಾವುದನ್ನೂ ಹೊಲಿಯಲಿಲ್ಲ. ನನ್ನ ಫ್ರಾಕಿಗೆ ಬಾತುಕೋಳಿ ಬೇಕೆಂದು ಅತ್ತರೆ ಎರಡು ಬಾತುಕೋಳಿಗಳನ್ನು ಎದುರುಬದುರು ನಿಲ್ಲಿಸಿ ಕೊಡುತ್ತಿದ್ದಳು. ರಿಕ್ಷಾದವನು ಲೆಫ್ಟಾ ರೈಟಾ ಎಂದು ಕೇಳಿದರೆ ಸಿಡುಕಿ ಮೂಡಾಯಿಗೆ ಹೋಗು ಎನ್ನುತ್ತಿದ್ದಳು. ನಾನು ಹೊಲಿಗೆ ಕಲಿಯಲೇ ಇಲ್ಲ. ನನ್ನ ಕಸುಬು ಹೊಲಿಗೆ ಬಿಚ್ಚುವುದಾಯಿತು. ಡಾಕ್ಟರುಗಳು ಹಾಕಿದ್ದನ್ನು ಏಳನೆಯ ದಿನವೋ ಹತ್ತನೆಯ ದಿನವೋ ರೋಗಿಗೆ ನೋವಾಗದಂತೆ ಕತ್ತರಿಸಿ ಎಳೆಯುವುದು. ಅದರಲ್ಲಿ ನನಗೆ ಹೆಸರಿತ್ತು ಎಂದು ಸ್ವಲ್ಪ ಜಂಬದಿಂದಲೇ ಹೇಳಿಕೊಳ್ಳುತ್ತೇನೆ.

ಈಗ ಮಮ್ಮಿಗೆ ಎಂಬತ್ತೆಂಟು. ಕಣ್ಣಿನ ನಡುಭಾಗ ಮಂಜಾಗಿದೆ, ಅಂಚಿನಲ್ಲಿ ಮಾತ್ರ ಸ್ವಲ್ಪ ಬೆಳಕು. ಆದರೂ ಅಕ್ಕಿ ಅಳೆಯುವ ಅಧಿಕಾರವನ್ನು ನನಗೆ ಬಿಟ್ಟುಕೊಟ್ಟಿಲ್ಲ. ಅಂಥವಳ ಅಕ್ಕಿ ಡಬ್ಬದ ಹಿಂದೆ ಬಟ್ಟೆ ಅಡಗಿಸಿಟ್ಟ ನನ್ನ ಬುದ್ಧಿಗೆ ಏನೆನ್ನಬೇಕು. ಮರುದಿನವೇ ಅವಳ ಕೈಗೆ ಚೀಲ ಸಿಕ್ಕಿತು. ನಾನು ಬರುವಷ್ಟರಲ್ಲಿ ಬ್ಯಾನರು ಅವಳ ಮಡಿಲಲ್ಲಿತ್ತು. ಬೆರಳುಗಳು ಹಾವಿನ ಹೆಡೆ ದಾಟಿ, ಕೊಡಲಿಯ ಹಿಡಿ ದಾಟಿ, ನೀಲಿಯವರೆಗೆ ಹೋಗಿ ನಿಂತವು. ಅವಳು ಕೇಳಿದ್ದು ಇಷ್ಟೇ. "ಇನ್ನೂ ಉಲ್ಟಾ ಉಂಟಾ?"

ಉಂಟು ಎಂದೆ.

ಅವಳು ತೀರ್ಮಾನ ಮಾಡಿಯಾಗಿತ್ತು. ನಾನು ಪೂರ್ತಿ ಬಿಚ್ಚಬೇಕು, ಬಟ್ಟೆ ಹರಿಯಬಾರದು, ಆಮೇಲೆ ಬೆರಳ ತುದಿಯ ಅಂದಾಜಿನಲ್ಲಿ ಅವಳೇ ಸರಿಯಾಗಿ ಹೊಲಿಯುತ್ತಾಳೆ. ಆಗುವ ಕೆಲಸವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. "ನಾನು ಇರುವಾಗಲೇ ಸರಿ ಆಗ್ಬೇಕು" ಎಂದಳು. "ನಾನು ಹೋದ ಮೇಲೆ ಯಾರಾದ್ರೂ ತೆಗೆದು ನೋಡಿ ಪುನಃ ನಗುವುದು ಬೇಡ." ಆ ಹೊಲಿಗೆ ಒಂದೊಂದೂ ಅಕ್ಕಿಕಾಳಿಗಿಂತ ಸಣ್ಣದು, ಸಾವಿರಾರು ಇರಬೇಕು. ಅದನ್ನು ಕತ್ತರಿಸಲು ನನ್ನ ಕೈ ಏಳಲಿಲ್ಲ. ಕತ್ತರಿ ಮೊಂಡಾಗಿದೆ ಎಂದೆ, ಮೋಡ ಕವಿದು ಬೆಳಕಿಲ್ಲ ಎಂದೆ, ಬೆನ್ನು ನೋವು ಎಂದೆ. ಅವಳು ದಿನಾ ಬೆಳಿಗ್ಗೆ ಗಂಜಿಯ ಹೊತ್ತಿಗೆ, ಎಷ್ಟಾಯಿತು ಎಂದು ಕೇಳುತ್ತಿದ್ದಳು. ಮೂರು ವಾರ ಹೀಗೇ ತಳ್ಳಿದೆ.

ಅಷ್ಟರಲ್ಲಿ ಮೊಂತಿ ಫೆಸ್ತ್ ಬಂತು. ಮರಿಯಮ್ಮನ ಹುಟ್ಟುಹಬ್ಬ, ನಮಗೆ ಹೊಸ ಅಕ್ಕಿಯ ಊಟದ ದಿನ. ಪ್ರತಿವರ್ಷ ಮಮ್ಮಿಯನ್ನು ಅವಳ ತವರಿಗೆ, ಎಂದರೆ ಕಾಟಿಪಳ್ಳದಲ್ಲಿರುವ ಅವಳ ತಮ್ಮನ ಮನೆಗೆ ಕರೆದುಕೊಂಡು ಹೋಗುವುದು ರೂಢಿ. ತವರು ಎಂದೆ, ಆದರೆ ಮಮ್ಮಿ ಹುಟ್ಟಿದ್ದು ಕಾಟಿಪಳ್ಳದಲ್ಲಲ್ಲ. ಅವಳ ಮನೆ ಇದ್ದದ್ದು ಊರಿನ ಬಡಗು ದಿಕ್ಕಿನ ಪಣಂಬೂರಿನ ಹೊಯ್ಗೆಯ ಮೇಲೆ. ಹಾಸಿಗೆ ಕೊಡವಿದರೆ ಮರಳು, ಅನ್ನದಲ್ಲಿ ಮರಳು, ಬಂಗುಡೆ ಮೀನು ಒಣಗುವ ವಾಸನೆ, ಬಾವಿಯ ನೀರಿಗೆ ಚೂರು ಉಪ್ಪು. ಅವಳ ಮದುವೆಯಾಗಿ ಕೆಲವು ವರ್ಷಕ್ಕೆ ಹೊಸ ಬಂದರಿಗೆ ಜಾಗ ಬೇಕಾಯಿತು. ನೆಲವನ್ನೇ ತೋಡಿ ಸಮುದ್ರವನ್ನು ಒಳಗೆ ಕರೆದ ಬಂದರು ಅದು. ಮನೆ, ಬಾವಿ, ತೆಂಗಿನಮರ ಇದ್ದಲ್ಲಿ ಈಗ ಹಡಗುಗಳು ನಿಲ್ಲುತ್ತವೆ. ಅಲ್ಲಿದ್ದವರಿಗೆ ಕಾಟಿಪಳ್ಳದಲ್ಲಿ ಜಾಗ ಸಿಕ್ಕಿತು. ನನ್ನ ಅಜ್ಜಿಗೆ, ಎಂದರೆ ಮಮ್ಮಿಯ ತಾಯಿಗೆ, ಅಲ್ಲಿನ ಬಾವಿಯ ಸಿಹಿ ನೀರು ಕೊನೆಯವರೆಗೂ ಹಿಡಿಸಲಿಲ್ಲ. ಚಹಾ ಸಪ್ಪೆ ಎಂದು ಯಾರೂ ನೋಡದಾಗ ಒಂದು ಹರಳು ಉಪ್ಪು ಹಾಕಿಕೊಳ್ಳುತ್ತಿದ್ದಳು. ಪರಶುರಾಮನ ಕಥೆ ಯಾರಾದರೂ ಎತ್ತಿದರೆ, ಕೊಟ್ಟ ಸಮುದ್ರವೇ ವಾಪಸ್ ತೆಗೆದುಕೊಂಡಿತು, ನಮ್ಮ ಹತ್ತಿರ ಕೊಡಲಿ ಇರಲಿಲ್ಲ ಎಂದು ಹೇಳಿ ಎದ್ದು ಹೋಗುತ್ತಿದ್ದಳು.

ಮಾವನ ಮನೆಯಲ್ಲಿ ಹೊಸ ತೆನೆ ಅರೆದು ಹಾಲಿಗೆ ಬೆರೆಸಿ ಕುಡಿದು, ತರಕಾರಿ ಊಟ ಮುಗಿಸಿ ಮಧ್ಯಾಹ್ನ ಮೂರಕ್ಕೆ ಹೊರಟೆವು. ಕಾರು ಬಿಡುವವಳು ನಾನೇ. ನಾನು ಡ್ರೈವಿಂಗ್ ಕಲಿತದ್ದು ಮಸ್ಕತ್ತಿನಲ್ಲಿ, ಅಲ್ಲಿ ಸ್ಟೇರಿಂಗ್ ಎಡಗಡೆ. ಇಲ್ಲಿಗೆ ಬಂದು ಎಷ್ಟೋ ವರ್ಷವಾದರೂ ಒಮ್ಮೊಮ್ಮೆ ಎಡಗಡೆಯ ಬಾಗಿಲು ತೆರೆದು ಕೂತು, ಸ್ಟೇರಿಂಗ್ ಎಲ್ಲಿ ಹೋಯಿತು ಎಂದು ಹುಡುಕುವುದುಂಟು. ಅವತ್ತೂ ಹಾಗೇ ಆಯಿತು. ಮಾವನ ಮನೆಯವರೆಲ್ಲ ಗೇಟಿನಲ್ಲಿ ನಿಂತು ನಕ್ಕರು. ಉಲ್ಟಾ ಆಗುವುದು ನಮ್ಮ ವಂಶದಲ್ಲೇ ಉಂಟು ಎಂದು ಮಮ್ಮಿ ಮುಖ ಸಣ್ಣದು ಮಾಡಿಕೊಂಡು ಕಾರು ಹತ್ತಿದಳು. ಪಣಂಬೂರು ದಾಟಿ ತೆಂಕು ದಿಕ್ಕಿಗೆ, ಮಂಗಳೂರಿನ ಕಡೆಗೆ ಬಂದೆವು.

ಕೂಳೂರು ಸೇತುವೆಯ ಮೇಲೆ ಎಂದಿನಂತೆ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಎದುರಿಗೆ ಒಂದು ಟ್ಯಾಂಕರು, ಹಿಂದೆ ಒಂದು ಬಸ್ಸು, ಕೆಳಗೆ ನದಿ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಮಮ್ಮಿ ನನ್ನ ಕಡೆಯ ಗ್ಲಾಸು ಇಳಿಸಲು ಹೇಳಿದಳು. ಗಾಳಿ ನನ್ನನ್ನು ದಾಟಿ ಅವಳ ಮುಖಕ್ಕೆ ಬಡಿಯಿತು. ಅವಳು ಮೂಗು ಎತ್ತಿ ಒಮ್ಮೆ ಉಸಿರು ಎಳೆದಳು.

"ಸಮುದ್ರ ನಿನ್ನ ಕಡೆ ಉಂಟಾ?"

"ಹ್ಞೂಂ ಮಮ್ಮಿ. ಬಲಗಡೆ."

"ಗುಡ್ಡ?"

ಕಾವೂರಿನ ಕಡೆಯ ಗುಡ್ಡ ಅವಳ ಕಿಟಕಿಯ ಆಚೆ ಮಳೆಯಲ್ಲಿ ತೊಳೆದು ಹಸಿರಾಗಿತ್ತು. ನಿನ್ನ ಕಡೆ ಉಂಟು, ಎಡಗಡೆ ಎಂದೆ. ಹೇಳುವಾಗ ನನಗೇನೂ ಹೊಳೆದಿರಲಿಲ್ಲ. ನನ್ನ ಗಮನವೆಲ್ಲ ಟ್ಯಾಂಕರಿನ ಬ್ರೇಕ್ ಲೈಟಿನ ಮೇಲೆ. ಮಮ್ಮಿ ಮಡಿಲಲ್ಲಿದ್ದ ಪರ್ಸಿನ ಮೇಲೆ ಬೆರಳಾಡಿಸತೊಡಗಿದಳು. ಬೆರಳು ಬಲಕ್ಕೆ ಹೋಗಿ ನಿಂತಿತು, ಎಡಕ್ಕೆ ಬಂದು ನಿಂತಿತು.

"ಮದುವೆಯಾಗಿ ಬರುವಾಗಲೂ ಸಮುದ್ರ ಬಲಗಡೆಯೇ ಇದ್ದದ್ದು" ಎಂದಳು. "ಕಿಟಕಿಯ ಹತ್ತಿರ ನಿನ್ನ ಡ್ಯಾಡಿ ಕೂತಿದ್ರು. ಬೀಚು ನೋಡ್ಬೇಕು ಅಂತ ತಿರುಗಿದ್ರೆ ಅವರ ಮೂಗೇ ಕಾಣುವುದು. ನಾನು ಅಳುವುದು ತಮಗೋಸ್ಕರ ಅಂತ ಗ್ರೇಶಿದ್ರು ಅವರು."

ನಾನು ನಕ್ಕೆ. ಅವಳು ನಗಲಿಲ್ಲ. ಡ್ರಾಯಿಂಗ್ ಮಾಸ್ತರು ಎಲ್ಲಿಯವರು ಎಂದು ಕೇಳಿದಳು. ಉಳ್ಳಾಲ ಎಂದೆ.

"ಅದೇ. ಉಳ್ಳಾಲದಿಂದ ಬರುವವರಿಗೆ ಸಮುದ್ರ ಎಡಗಡೆ ಕಾಣ್ತದೆ. ಅವರು ಅವರ ಮನೆಯಿಂದ ಬರುವಾಗ ಕಂಡದ್ದನ್ನು ಬರೆದದ್ದು. ನನ್ನ ಮನೆಯಿಂದ ಬರುವಾಗ ಮಂಗಳೂರು ಕಾಣುವುದು ಹೀಗೇ. ನೀನು ಅದನ್ನು ಬಿಚ್ಚಬೇಡ."

ಹಿಂದಿನ ಬಸ್ಸು ಹಾರ್ನು ಹೊಡೆಯಿತು. ಟ್ಯಾಂಕರು ಯಾವಾಗಲೋ ಮುಂದೆ ಹೋಗಿತ್ತು. ನನ್ನ ಕಣ್ಣು ತುಂಬಿ ರಸ್ತೆ ಕಾಣುತ್ತಿರಲಿಲ್ಲ, ಹಾಗೇ ಗೇರು ಹಾಕಿದೆ. ಸೇತುವೆ ಇಳಿದು ಕೊಟ್ಟಾರದ ಹತ್ತಿರ ಬಂದಾಗ ಧೈರ್ಯ ಮಾಡಿದೆ. ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳಿದೆ, ಅವತ್ತು ನಾನೂ ನಕ್ಕಿದ್ದೆ ಮಮ್ಮಿ ಎಂದು.

"ಗೊತ್ತುಂಟು. ನಿನ್ನ ಎದುರಿನ ಎರಡು ಹಲ್ಲು ಬಿದ್ದಿತ್ತು. ದೂರದಿಂದ ಅದೇ ಕಂಡದ್ದು ನನಗೆ. ಎಷ್ಟು ಪಾಪ ಕಾಣ್ತಿದ್ದಿ ನೀನು."

ಇಷ್ಟು ವರ್ಷ ನಾನು ನೆನೆನೆನೆದು ಕೊರಗಿದ ಮುಖದಲ್ಲಿ ಇದ್ದದ್ದು ಅದು ಎಂದು ನಂಬಬೇಕೋ, ನನಗೆ ನೋವಾಗದಂತೆ ಅವಳು ಹೊಲಿಗೆ ಬಿಚ್ಚಿದಳೋ, ನನಗೆ ಗೊತ್ತಿಲ್ಲ. ನಂಬಿದ್ದೇನೆ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಮ್ಮಿ ಒಂದು ಕೆಲಸ ಮುಗಿದರೆ ಇನ್ನೊಂದು ಹಚ್ಚುವವಳು. ಮರುದಿನ ಗಂಜಿಯ ಬಟ್ಟಲು ಸರಿಸಿ, ಹೊಲಿಗೆಯ ಪೆಟ್ಟಿಗೆಯಿಂದ ಹಂಚಿನ ಬಣ್ಣದ ದಾರ ತೆಗೆಯಲು ಹೇಳಿದಳು. ಬ್ಯಾನರಿನಲ್ಲಿ ನೀಲಿಯ ಒಳಗೆ, ದಡಕ್ಕೆ ತಾಗಿದ ಹಾಗೆ, ಒಂದು ಗಂಟು ಹೊಲಿಗೆ ಹಾಕಬೇಕು. ಅವಳ ಮನೆ. ನಾನು ಬಿಚ್ಚುವವಳು, ಹಾಕುವವಳಲ್ಲ ಎಂದರೂ ಬಿಡಲಿಲ್ಲ. ಸೂಜಿಗೆ ದಾರವನ್ನು ಎರಡು ಸುತ್ತು ಸುತ್ತಿ ಚುಚ್ಚುವುದನ್ನು ನನ್ನ ಕೈ ಹಿಡಿದು ಕಲಿಸಿದಳು. ಅರವತ್ತು ದಾಟಿದ ಮೇಲೆ ನಾನು ಹಾಕಿದ ಮೊದಲ ಹೊಲಿಗೆ ಸಾಸಿವೆಯಷ್ಟಿತ್ತು. ಅವಳು ಬೆರಳು ಇಟ್ಟು ನೋಡಿದಳು, ನಮ್ಮ ಮನೆ ಇಷ್ಟು ಪಡ್ಡಾಯಿಗೆ ಇರ್ಲಿಲ್ಲ, ಬಿಚ್ಚು ಎಂದಳು. ಬಿಚ್ಚಿದೆ. ಎರಡನೆಯದು ಬಾವಿಯ ಮೇಲೆ ಬಿದ್ದಿತಂತೆ. ಅದನ್ನೂ ಬಿಚ್ಚಿದೆ.

ಮೂರನೆಯ ಸಲ ಅವಳ ಬೆರಳು ಅಲ್ಲಿಗೆ ಬಂದು ನಿಂತಿತು. ಎತ್ತಲಿಲ್ಲ. ಅದನ್ನು ಹಾಗೇ ಇಟ್ಟುಕೊಂಡು, ಅಡುಗೆಮನೆಯ ಬಾಗಿಲು ಯಾವ ಕಡೆಗೆ ಇಟ್ಟಿದ್ದಿ ಎಂದು ಕೇಳಿದಳು.

ಸಾಸಿವೆಯಷ್ಟು ದೊಡ್ಡ ಮನೆಗೆ ನಾನು ಒಂದು ಕ್ಷಣ ಯೋಚಿಸಿ ಬಾಗಿಲು ಇಟ್ಟೆ. ಪಡ್ಡಾಯಿಗೆ ಮಮ್ಮಿ, ಎಂದೆ.

"ಹಾಗಾದ್ರೆ ಸರಿ" ಎಂದಳು. "ಗಾಳಿ ಬರ್ತದೆ."